ಇಲ್ಲೆ ಎಲ್ಲಾ ನಮ್ಮವರ ಅದಾರ

ಈ ಬರಹವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಯಾಕೆ ಅಂತ ಕೇಳಬೇಡಿ. ನೀವು ಬಾಗಲಕೋಟೆಯವರಾಗಿದ್ದರೆ ಈಗಾಗಲೇ ಗೊತ್ತಿರುತ್ತದೆ.

ನಾಲ್ಕು ದಿನದ ಹಿಂದೆ ನನಗೊಂದು ಕುರು ಎದ್ದಿತು. ಏಳಬಾರದ ಜಾಗದಲ್ಲಿ. ಕೂತು ದುಡಿಯುವ ಮನುಷ್ಯ ನಾನು, ಕೂರುವುದಕ್ಕೇ ಕುತ್ತು ಬಂತು. ಹೆಂಡತಿಗೆ ಹೇಳಿದೆ, ನಕ್ಕಳು. ಡಾಕ್ಟರಿಗೆ ತೋರಿಸಲು ನಾಚಿಕೆ. ಮನೆಮದ್ದು ಏನಾದರೂ ಇದ್ದರೆ ಕೇಳೋಣ ಅಂತ ಕಾಕಾಗೆ ಫೋನ್ ಹಚ್ಚಿದೆ. ಅಲ್ಲೇ ಕೆಟ್ಟಿತು.

ನಮ್ಮ ಕಾಕಾ ಫೋನನ್ನು ಕಿವಿಗೆ ಹಿಡಿದದ್ದನ್ನು ನಾನು ಕಂಡಿಲ್ಲ. ಕಿವಿ ಬಿಸಿ ಆಗ್ತದಂತೆ. ಅಂಗೈ ಮೇಲೆ ಮಲಗಿಸಿ, ಸ್ಪೀಕರ್ ಹಚ್ಚಿ, ತೀರ್ಥ ತಗೊಳ್ಳುವವರ ಹಾಗೆ ಬಾಯಿಯ ಹತ್ತಿರ ತಂದು ಮಾತಾಡುತ್ತಾರೆ. ಆಮೇಲೆ ಅದೇ ಅಂಗೈಯನ್ನು ಎದುರಿಗೆ ಕೂತವರ ಕಡೆ ಚಾಚುತ್ತಾರೆ. ಅವರಿಗೂ ಒಂದು ಗುಟುಕು ಸಿಗಲಿ ಅಂತ.

"ಕಾಕಾ, ಒಂದ್ ಖಾಸಗಿ ಮಾತಿತ್ರಿ."

"ಹೇಳ್ ತಮ್ಮಾ, ಇಲ್ಲೆ ಎಲ್ಲಾ ನಮ್ಮವರ ಅದಾರ."

ನಮ್ಮವರು ಅಂದರೆ ಕಾಕು, ಮೊಮ್ಮಗ ಅಂದುಕೊಂಡೆ. ಹೇಳಿಬಿಟ್ಟೆ. ಎಲ್ಲಿ, ಎಷ್ಟು ದೊಡ್ಡದು, ಯಾವ ಬಣ್ಣ, ಎಲ್ಲ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕಾಕಾನದಲ್ಲದ ಒಂದು ದನಿ ಬಂತು.

"ಉಳ್ಳಾಗಡ್ಡಿ ಸುಟ್ಟು ಕಟ್ಟಾಕ ಹೇಳ್ರಿ."

ಇನ್ನೊಂದು ದನಿ: "ಯಾ ಕಡಿ ಆಗೇತ್ರಿ? ಎಡಕೋ, ಬಲಕೋ?"

"ಏ, ಅದರಾಗ ಎಡಾ ಬಲಾ ಏನೋ ನಿಂದು?"

"ಹಂಗಲ್ಲಪಾ. ಎಡಕ್ಕಿದ್ರ ಬಲಕ್ಕ ಭಾರ ಹಾಕಿ ಕುಂದ್ರಬಹುದಲ್ಲ."

ಹಿಂದಿನಿಂದ ಗ್ಲಾಸು ಟಣ್ ಅಂದಿತು. ಕಾದ ಎಣ್ಣೆಗೆ ಮಿರ್ಚಿ ಬಿದ್ದ ಚುರ್ ಸದ್ದೂ ಬಂತು. ಕಾಕಾ ಚಾದಂಗಡಿಯಲ್ಲಿದ್ದರು. ನಾನು ಫೋನ್ ಇಟ್ಟೆ. ಚರ್ಚೆ ಮಾತ್ರ ನಿಂತಿರಲಿಕ್ಕಿಲ್ಲ.

ಮರುದಿನ ಕಾಯಿಪಲ್ಲೆ ತರಲು ಹೋದೆ. ಮಾರುವ ಅಕ್ಕ ಎಂದಿನಂತೆ ಸ್ಟೂಲು ಸರಿಸಿ, "ಕುಂದರ್ರಿ ಸರ" ಅಂದಳು. ಮರುಕ್ಷಣ ನಾಲಿಗೆ ಕಚ್ಚಿಕೊಂಡು, "ಅಯ್ಯ, ಬ್ಯಾಡ್ರಿ, ನಿಂತ ಇರ್ರಿ" ಅಂದಳು. ಮೆಂತ್ಯದ ಸಿವುಡಿನ ಮೇಲೆ ಎರಡು ಉಳ್ಳಾಗಡ್ಡಿ ಹಾಕಿದಳು. ಅದರ ರೊಕ್ಕ ಮುಟ್ಟಲಿಲ್ಲ. "ಇವು ಸುಡಾಕ್ರಿ."

ಅಷ್ಟರಲ್ಲಿ ಮನೆತನದ ವಾಟ್ಸಾಪ್ ಗುಂಪಿಗೂ ಸುದ್ದಿ ಮುಟ್ಟಿತ್ತು. 87 ಜನ. ಕಾಕಾಗೆ ಟೈಪ್ ಮಾಡಲು ಬರುವುದಿಲ್ಲ, ಹಾಗಾಗಿ ತಮ್ಮ ಬಾಯಿಂದಲೇ ವಿವರವಾಗಿ ಹೇಳಿ ಕಳಿಸಿದ್ದರು. ಅವತ್ತೇ ಧಾರವಾಡದ ತಂಗಿಯ ಮಗನ ಹುಟ್ಟುಹಬ್ಬ ಬೇರೆ. ನನ್ನ ಕುರುವಿನ ಕೆಳಗೆ ಏಳು ಕೇಕು, ಒಂದು ಪುಗ್ಗಾ, ಮತ್ತು "ನೂರು ವರ್ಷ ಬಾಳಲಿ" ಅನ್ನುವ ಹಾರೈಕೆ.

ವಾಟ್ಸಾಪಿನವರು 2016ರಿಂದ ನಮ್ಮ ಮಾತಿಗೆಲ್ಲ ಈ ತುದಿಯಿಂದ ಆ ತುದಿಯವರೆಗೆ ಕೀಲಿ ಹಾಕುತ್ತಿದ್ದಾರೆ, ನಡುವೆ ತಾವೂ ಓದಲಾರೆವು ಅನ್ನುತ್ತಾರೆ. ಕೀಲಿಯ ಬಗ್ಗೆ ನನ್ನ ತಕರಾರಿಲ್ಲ. ಆ ತುದಿಯಲ್ಲಿ ಕಾಕಾ ಕೂತಿದ್ದಾರೆ, ಅದೇ ತಕರಾರು. ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸಬಹುದಲ್ಲ, ಅಳಿಸ್ರಿ ಅಂತ ಕೈಮುಗಿದೆ. "ಯಾಕ ಅಳಸ್ಬೇಕು? ಎಲ್ಲಾರೂ ಔಷಧ ಹೇಳಾಕತ್ತಾರ!"

ಸಿಟ್ಟಿನಲ್ಲಿ ಕಾನೂನು ತೆಗೆದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಸುಪ್ರೀಂ ಕೋರ್ಟಿಗೆ ಹೋಗಿದ್ದು, 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಕೂತು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದ್ದು, ಎಲ್ಲ ಹೇಳಿದೆ. ಕಾಕಾ ಪೂರ್ತಿ ಕೇಳಿಸಿಕೊಂಡರು.

"ಒಂಬತ್ ಮಂದಿ ಕುಂತ್ ಮಾತಾಡಿದ ಮ್ಯಾಲ ಅದು ಖಾಸಗಿ ಹೆಂಗಾತಪಾ?"

ನಾನೂ ಸಾಚಾ ಅಲ್ಲ ಬಿಡಿ. ಇಳಕಲ್ ಬಸ್ಸಿನಲ್ಲಿ ಪಕ್ಕದ ಸೀಟಿನವನು ಹೆಂಡತಿ ಜೊತೆ ಫೋನಿನಲ್ಲಿ ಜಗಳಾಡುತ್ತಾ ಅಮೀನಗಡದಲ್ಲಿ ಇಳಿದುಬಿಟ್ಟ. ಕಡೆಗೆ ಏನಾಯಿತೋ ಅಂತ ಇವತ್ತಿಗೂ ಚಡಪಡಿಕೆ.

ಕಾಕಾ ಬೆಳೆದದ್ದು ಹಳೆ ಊರಿನ ಕಟ್ಟೆಯ ಮೇಲೆ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್ ಅನ್ನುವುದು ನಮ್ಮೂರಲ್ಲಿ ಸಣ್ಣ ಹುಡುಗರಿಗೂ ಬಾಯಿಪಾಠ. ಆ ಲೆಕ್ಕದಲ್ಲಿ ನಮ್ಮ ಓಣಿ ನೀರಿಗೆ ಹೋಯಿತು, ಕಟ್ಟೆಯೂ ಹೋಯಿತು. ನಮ್ಮ ಆಯಿಗೆ ಓದು ಬರುತ್ತಿರಲಿಲ್ಲ. 15 ಪೈಸೆಯ ಕಾರ್ಡು ಬಂದರೆ ಅಂಚೆಯವನು ಕಟ್ಟೆಯ ಮೇಲೇ ಓದಿಬಿಡುತ್ತಿದ್ದ. ಓಣಿ ಪೂರಾ ಕೇಳುತ್ತಿತ್ತು. ಅತ್ತೆಯಿಂದ ನೀಲಿ ಇನ್‌ಲ್ಯಾಂಡ್ ಬಂದರೆ ಮಾತ್ರ ಆಯಿ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ ಓದಿಸುತ್ತಿದ್ದಳು. ಕೆಲವು ಸಾಲು ಎರಡೆರಡು ಸಲ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ನನ್ನ ಕೈಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿ, "ಓದಿದ್ದು ಮರತಬಿಡು" ಅನ್ನುತ್ತಿದ್ದಳು. ಶೇಂಗಾ ತಿಂದೆ. ಮರೆತಿಲ್ಲ. ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಈಗ ಮುಳುಗಿದವರಿಗೆ ಕಟ್ಟಿಕೊಟ್ಟ ನವನಗರದಲ್ಲಿ ಮನೆಗೊಂದು ಕಂಪೌಂಡು, ಕಂಪೌಂಡಿಗೊಂದು ಗೇಟು. ಕಾಕಾ ಬೆಳಗ್ಗೆ ಗೇಟು ಹಿಡಿದು ನಿಂತು, ರಸ್ತೆಯ ಎರಡೂ ತುದಿ ನೋಡಿ, ಯಾರೂ ಬರದಿದ್ದರೆ ಚಾದಂಗಡಿಗೆ ಹೊರಡುತ್ತಾರೆ. ಅಲ್ಲಿಗೆ ಬರಿಗೈಯಲ್ಲಿ ಹೋಗಲಾಗದು, ಒಂದು ಸುದ್ದಿ ಬೇಕು. ಮೊನ್ನೆ ನನ್ನದು ಸಿಕ್ಕಿತು. ಆದರೂ, ಜಾಗ ನೋಡಿಯಾದರೂ ಸುಮ್ನಿರಬಹುದಿತ್ತು ಅಲ್ವಾ?

ಈಗ ನೀನೇ ಊರಿಗೆಲ್ಲ ಹೇಳುತ್ತಿದ್ದೀಯಲ್ಲ ಅನ್ನಬೇಡಿ. 87 ಜನರಿಗೆ ಗೊತ್ತಾದ ಮೇಲೆ ನೀವೇನು ಪಾಪ ಮಾಡಿದ್ದೀರಿ?

ಇವತ್ತು ಬೆಳಗ್ಗೆ ಮತ್ತೆ ಫೋನ್ ಮಾಡಿದೆ. ಈ ಸಲ ಖಡಕ್ಕಾಗಿ. "ಕಾಕಾ, ಮೊದಲ ಸ್ಪೀಕರ್ ಬಂದ್ ಮಾಡ್ರಿ. ಖಾಸಗಿ ಮಾತೈತಿ."

"ಹಾಂ ಹಾಂ, ತಡಿ ತಮ್ಮಾ."

ಏನೋ ಒತ್ತಿದ ಸದ್ದಾಯಿತು. ಆಮೇಲೆ ದೂರದಲ್ಲಿ ಕಾಕಾನ ದನಿ: "ಏ, ಯಾರೂ ಮಾತಾಡಬ್ಯಾಡ್ರೆಪಾ, ಹುಡುಗ ಖಾಸಗಿ ಹೇಳಾಂವ ಅದಾನ. ಆ ಸ್ಟೋ ಸ್ವಲ್ಪ ಸಣ್ಣ ಮಾಡೋ, ಕೇಳಸಂಗಿಲ್ಲ."