ಒದ್ದೆಯಾಗದೆ ಬಂದ ಈಜು ತಂಡ

ಹಾಸನ ಜಿಲ್ಲೆಯ ಒಂದು ತಾಲ್ಲೂಕಿನ ಕ್ರೀಡಾ ಸಮಿತಿ ಸ್ಪೇನಿಗೆ ಹೋಗಿ ಬಂದಿದೆ. ಯಾವ ತಾಲ್ಲೂಕು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ತಾಲ್ಲೂಕಿನವರು ಬೇಜಾರು ಮಾಡಿಕೊಳ್ಳುತ್ತಾರೆ. ಅವರ ಪ್ರಸ್ತಾವವೂ ಮೇಲೆ ಹೋಗಿ ಕೂತಿದೆ.

ಇವರು ಹೋದದ್ದು ಸಿಂಕ್ರೊನೈಸ್ಡ್ ಸ್ವಿಮ್ಮಿಂಗ್ ತರಬೇತಿ ಶಿಬಿರಕ್ಕೆ. ಎಂಟು ಜನ ಒಂದೇ ತಾಳಕ್ಕೆ ನೀರಿನಲ್ಲಿ ಮುಳುಗಿ, ತಲೆಕೆಳಗಾಗಿ, ಕಾಲು ಮೇಲೆತ್ತಿ, ಆಮೇಲೆ ಏನೂ ಆಗಿಲ್ಲ ಅನ್ನುವಂತೆ ನಗುತ್ತಾ ಏಳುವ ಆಟ. ಸಮಿತಿಯ ಕಡತದ ಪ್ರಕಾರ ನಮ್ಮ ತಾಲ್ಲೂಕಿನಲ್ಲಿ ಈ ಆಟ ಆಡುವವರು ಯಾರೂ ಇಲ್ಲ. ಅದಕ್ಕೇ ಅಧ್ಯಯನ ಪ್ರವಾಸ ಬೇಕಾಯಿತು. ಸರಿಯಾಗೇ ಇದೆ ಅಲ್ವಾ?

ಠರಾವು ಪಾಸಾದ ಸಭೆ ನೋಡುವ ಹಾಗಿತ್ತು. ಕುಡಿಯುವ ನೀರಿನ ಸಭೆಯನ್ನು ಕೋರಂ ಇಲ್ಲ ಅಂತ ಮುಂದೂಡುತ್ತಾ ಬಂದ ಅದೇ ಸದಸ್ಯರು ಅಂದು ಗಂಟೆಗೆ ಮುಂಚೆ ಬಂದು ಕೂತಿದ್ದರು. ಒಬ್ಬ ಹಿರಿಯ ಸದಸ್ಯರು ಎದ್ದು, "ಇದು ಹೊರಗಿನ ಕಲೆ ಅಂತ ಯಾರೂ ತಿಳೀಬೇಡಿ. ವಿಷ್ಣುವರ್ಧನ ಮಹಾರಾಜರು 1117ರಲ್ಲೇ ಬೇಲೂರು ದೇವಸ್ಥಾನ ಕಟ್ಟಿಸಿದ್ರು. ಅಲ್ಲಿ ಶಿಲಾಬಾಲಿಕೆಯರು ನಿಂತಿರೋ ಭಂಗಿ ನೋಡಿ. ನೀರೊಂದು ಬಿಟ್ಟಿದ್ರೆ ಮುಗಿದೇಹೋಗಿತ್ತು" ಅಂದರು. ಹಿಂದಿನ ಸಾಲಿನಲ್ಲಿದ್ದ ಹೊಸ ಸದಸ್ಯರೊಬ್ಬರು ಸುಮ್ನೆ ಇರಲಾರದೆ, "ಹಾಗಾದ್ರೆ ಬೇಲೂರಿಗೇ ಹೋಗಿ ಬರೋಣ ಸಾರ್, ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು" ಅಂದುಬಿಟ್ಟರು. ಎಲ್ಲರೂ ಅವರನ್ನು ತಿರುಗಿ ನೋಡಿದರು. ಬೇಲೂರಿಗೆ ಸಿಗುವುದು ಬಸ್ ಚಾರ್ಜು. ಬಸ್ ಚಾರ್ಜಿಗೆ ಯಾರಾದರೂ ಅಧ್ಯಯನ ಮಾಡುತ್ತಾರಾ?

ಒಪ್ಪಿಗೆ ಇರುವವರು ಕೈ ಎತ್ತಿ ಅಂದರು ಅಧ್ಯಕ್ಷರು. ಆಡಳಿತ ಪಕ್ಷ, ವಿರೋಧ ಪಕ್ಷ, ಪಕ್ಷೇತರ, ಎಲ್ಲರ ಕೈಯೂ ಒಂದೇ ಕ್ಷಣಕ್ಕೆ ಮೇಲೆದ್ದವು. ಮೊಣಕೈ ಕೂಡ ಒಂದೇ ಕೋನದಲ್ಲಿತ್ತು. ಇವರಿಗೆ ತರಬೇತಿ ಯಾಕೆ ಅಂತ ನನಗೆ ಅನುಮಾನ ಬಂದದ್ದು ಆಗಲೇ.

ಇನ್ನು ತಂಡದ ಆಯ್ಕೆ. ಇದು ಹೆಂಗಸರ ಆಟ ಅಂತಲೇ ಹೆಸರಾದದ್ದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾಗಿ ಸೇರಿತು. ಅಂದಿನಿಂದ ಹೆಂಗಸರಿಗೇ ಮೀಸಲು. 2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ನಿಯಮ ಸಡಿಲಿಸಿ, ಎಂಟು ಜನರ ತಂಡದಲ್ಲಿ ಇಬ್ಬರು ಗಂಡಸರು ಇರಬಹುದು ಅಂದರು. ಆದರೂ ಯಾವ ದೇಶವೂ ಒಬ್ಬ ಗಂಡಸನ್ನೂ ನೀರಿಗಿಳಿಸಲಿಲ್ಲ. ದೊಡ್ಡ ದೊಡ್ಡ ದೇಶಗಳಿಗೆ ಬಾರದ ಧೈರ್ಯ ನಮ್ಮ ತಾಲ್ಲೂಕಿಗೆ ಬಂತು. ನಾವು ಕಳಿಸಿದ ಎಂಟು ಜನರೂ ಗಂಡಸರೇ.

ಹಾಗಂತ ಮಹಿಳಾ ಮೀಸಲಾತಿಗೆ ಅನ್ಯಾಯವಾಗಿದೆ ಅಂತ ಯಾರೂ ದೂರಬೇಡಿ. ಪಟ್ಟಿಯಲ್ಲಿ ಮೂವರು ಸದಸ್ಯೆಯರ ಹೆಸರಿತ್ತು. ಮೂವರ ಪರವಾಗಿಯೂ ಅವರವರ ಯಜಮಾನರು ಹೋದರು. ಸಭೆಗೆ ಬರುವುದೂ ಅವರೇ, ಸಹಿ ಎಲ್ಲಿ ಹಾಕಬೇಕು ಅಂತ ಬೆರಳಿಟ್ಟು ತೋರಿಸುವುದೂ ಅವರೇ. ಮುಳುಗುವುದೂ ಅವರೇ ಆಗಲಿ ಅಂತ ಆ ತಾಯಂದಿರು ಒಳ್ಳೆ ಮನಸ್ಸಿನಿಂದಲೇ ಕಳಿಸಿರಬೇಕು.

ಎಂಟರಲ್ಲಿ ಈಜು ಬರುವವರು ಎಷ್ಟು ಜನ ಅಂತ ಕೇಳಿದವರು ಒಬ್ಬರೇ, ಹೈಸ್ಕೂಲಿನ ಪಿಟಿ ಮೇಷ್ಟ್ರು. ಅವರ ಶಾಲೆಯಲ್ಲಿ ನಾಲ್ಕು ಹುಡುಗಿಯರಿದ್ದಾರೆ. ಮೊಬೈಲಿನಲ್ಲಿ ನೋಡಿ ನೋಡಿ, ಊರ ಕೆರೆಯಲ್ಲಿ ಒಟ್ಟಿಗೆ ಮುಳುಗಿ ಒಟ್ಟಿಗೆ ಕಾಲೆತ್ತುವುದನ್ನು ಕಲಿತಿದ್ದಾರೆ. ಕಡತದಲ್ಲಿ ಇವರಿಲ್ಲ, ಕೆರೆಯಲ್ಲಿದ್ದಾರೆ. "ಈಜು ಬರೋರಿಗೆ ತರಬೇತಿ ಯಾಕೆ ಮೇಷ್ಟ್ರೇ? ಬರದೇ ಇರೋರಿಗಲ್ವಾ ಬೇಕಾಗಿರೋದು?" ಅಂದರು ಅಧ್ಯಕ್ಷರು. ಈ ಮಾತಿಗೆ ಉತ್ತರ ಇಲ್ಲ. ಇದ್ದರೂ ಪಿಟಿ ಮೇಷ್ಟ್ರ ಹತ್ತಿರ ಇರಲಿಲ್ಲ.

ಆದರೂ ಮೇಷ್ಟ್ರು ಬಿಡುವ ಆಸಾಮಿ ಅಲ್ಲ. ಓದಿಕೊಂಡಿದ್ದಾರೆ. ಚೀನಾದವರು ಈ ಆಟ ಕಲಿಯಬೇಕು ಅಂದುಕೊಂಡಾಗ ಜಪಾನಿನ ಕೋಚ್ ಮಸಾಯೊ ಇಮುರಾ ಅವರನ್ನು ತಮ್ಮಲ್ಲಿಗೇ ಕರೆಸಿಕೊಂಡರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚೀನಾ ತಂಡಕ್ಕೆ ಕಂಚು ಬಂತು. 2024ರಲ್ಲಿ ತಂಡ, ಜೋಡಿ ಎರಡರಲ್ಲೂ ಚಿನ್ನ. "ನಾವೂ ಒಬ್ಬ ಕೋಚನ್ನ ಇಲ್ಲಿಗೇ ಕರೆಸಬಹುದಲ್ವಾ ಸಾರ್? ಖರ್ಚೂ ಕಮ್ಮಿ" ಅಂದರು. ಅಧ್ಯಕ್ಷರಿಗೆ ನಿಜಕ್ಕೂ ಗಾಬರಿಯಾಯಿತು. "ಅವರು ಇಲ್ಲಿಗೆ ಬಂದುಬಿಟ್ರೆ ನಾವು ಎಲ್ಲಿಗ್ರೀ ಹೋಗೋದು?"

ಕೋಚ್ ಬಂದಿದ್ದರೂ ಕಷ್ಟವೇ. ಯಾಕೆಂದರೆ ನಮ್ಮ ಈಜುಕೊಳ. ಅದಕ್ಕೆ ಎರಡು ಸಲ ಶಂಕುಸ್ಥಾಪನೆ ಆಗಿದೆ, ಎರಡು ಪಕ್ಷಕ್ಕೂ ಒಂದೊಂದು. ಉದ್ಘಾಟನೆಯೂ ಆಗಿದೆ. ಹಾಸನಾಂಬೆ ವರ್ಷಕ್ಕೊಮ್ಮೆಯಾದರೂ ಬಾಗಿಲು ತೆರೆದು ದರ್ಶನ ಕೊಡುತ್ತಾಳೆ. ನಮ್ಮ ಕೊಳ ಉದ್ಘಾಟನೆಯ ದಿನ ದರ್ಶನ ಕೊಟ್ಟದ್ದೇ ಕೊನೆ. ಅವತ್ತು ಟ್ಯಾಂಕರಿನಲ್ಲಿ ನೀರು ತರಿಸಿ ತುಂಬಿಸಿದ್ದರು. ಬಿಲ್ಲು ಪಾಸಾಗಲಿಲ್ಲ ಅಂತ ಟ್ಯಾಂಕರಿನವನು ಮೋಟಾರ್ ಹಚ್ಚಿ ನೀರನ್ನು ವಾಪಸ್ ಎಳೆದುಕೊಂಡು ಹೋದ. ಈ ಆಟದ ಸ್ಪರ್ಧೆ ನಡೆಯುವ ಕೊಳ ಮೂರು ಮೀಟರಿನಷ್ಟು ಆಳ ಇರುತ್ತದೆ. ತಳಕ್ಕೆ ಕಾಲೂರಿ ಮೇಲೇಳುವ ಹಾಗಿಲ್ಲ, ಊರಿದರೆ ಅಂಕ ಹೋಗುತ್ತದೆ. ನಮ್ಮ ಕೊಳದಲ್ಲಿ ಟೈಲ್ಸ್ ಎದ್ದು ತಳವೇ ಮೇಲೆ ಬಂದಿದೆ. ಕಾಲೂರದೆ ಬೇರೆ ದಾರಿ ಇಲ್ಲ.

ಇರಲಿ, ಬಾರ್ಸಿಲೋನಾಕ್ಕೆ ಬರೋಣ. ನಿಯೋಗದವರು ಮೊದಲು ಹೋದದ್ದು ಕೊಳಕ್ಕಲ್ಲ, ಸಗ್ರಾದಾ ಫ್ಯಾಮಿಲಿಯಾ ಅನ್ನುವ ಚರ್ಚಿಗೆ. 1882ರಲ್ಲಿ ಶುರುವಾದ ಕಾಮಗಾರಿ, ಇನ್ನೂ ನಡೆಯುತ್ತಿದೆ. ನಿಯೋಗದಲ್ಲಿದ್ದ ಒಬ್ಬ ಸದಸ್ಯರು ಗುತ್ತಿಗೆದಾರರೂ ಹೌದು. ಅವರು ಆ ಗೋಪುರಗಳ ಮುಂದೆ ಕೈಮುಗಿದು ತುಂಬಾ ಹೊತ್ತು ನಿಂತಿದ್ದರಂತೆ. ಜೊತೆಗಿದ್ದವರು ಭಕ್ತಿ ಅಂದುಕೊಂಡರು.

ಶಿಬಿರದಲ್ಲಿ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ದಂಡೆಯ ಅಭ್ಯಾಸ. ಈಜುವ ಹುಡುಗಿಯರು ನೀರಿಗಿಳಿಯುವ ಮುಂಚೆ ಕೊಳದ ದಂಡೆಯ ಮೇಲೆ ಸಾಲಾಗಿ ನಿಂತು, ಒಂದರಿಂದ ಎಂಟರವರೆಗೆ ಎಣಿಸುತ್ತಾ, ನೀರಿನಲ್ಲಿ ಕಾಲು ಮಾಡಬೇಕಾದ್ದನ್ನೆಲ್ಲ ಕೈಯಲ್ಲೇ ಮಾಡಿ ತೋರಿಸುತ್ತಾರೆ. ನೀರು ಬೇಡ, ಕೊಳ ಬೇಡ, ಟವೆಲ್ಲೂ ಬೇಡ. ನಮ್ಮವರ ವರದಿಯಲ್ಲಿ ಇದರ ಮುಂದೆ "ಸ್ಥಳೀಯ ಪರಿಸ್ಥಿತಿಗೆ ಅತ್ಯಂತ ಸೂಕ್ತ" ಅಂತ ಷರಾ ಬರೆದಿದೆ. ಫೋಟೊ ಕೂಡ ಇದೆ. ಎಂಟು ಜನ ಸಫಾರಿ ಸೂಟಿನಲ್ಲಿ, ಮಫ್ಲರ್ ಸುತ್ತಿಕೊಂಡು, ಕೈ ಮೇಲೆತ್ತಿ ನಿಂತಿದ್ದಾರೆ.

ಕಾಲಿನ ಕೆಲಸವನ್ನೂ ನೋಡಿದರು. ಈಜುವವರ ಎದೆಯ ಮೇಲಿನ ಭಾಗ ನೀರಿನ ಮೇಲೆ ಅಲ್ಲಾಡದೆ ನಿಂತಿರುತ್ತದೆ. ಮುಖದಲ್ಲಿ ನಗು. ಕೆಳಗೆ ಎರಡು ಕಾಲೂ ಎಡಬಿಡದೆ ಸುತ್ತು ಹಾಕುತ್ತಾ ಒದೆಯುತ್ತಿರುತ್ತವೆ. ಮೇಲೆ ನಗು, ಕೆಳಗೆ ಒದೆತ. ಸಮನ್ವಯ ಸಮಿತಿಯ ಸಭೆಗಳಲ್ಲಿ ಕೂತು ಬಂದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಜಗಳವಾದದ್ದು ಜೆಲಾಟಿನ್ ವಿಷಯಕ್ಕೆ. ಸ್ಪರ್ಧೆಯ ದಿನ ಕೂದಲು ಕೆದರದಿರಲಿ ಅಂತ ಜೆಲಾಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಬ್ರಷ್ಷಿನಿಂದ ತಲೆಗೆ ಬಳಿಯುತ್ತಾರೆ. ಅದು ತಣ್ಣೀರಿಗೆ ಬೇಗ ಕರಗುವುದಿಲ್ಲ. ಜೆಲಾಟಿನ್ ಮಾಡುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ಅಂತ ಗೊತ್ತಾಗಿದ್ದೇ ತಡ, ನಿಯೋಗ ಎರಡು ಬಣವಾಯಿತು. ಒಬ್ಬರು ಲೋಳೆಸರ ಅಂದರು. ಇನ್ನೊಬ್ಬರು ದಾಸವಾಳದ ಎಲೆ ಕಿವುಚಿದರೆ ಸಾಕು ಅಂದರು. ಅರ್ಧ ದಿನ ಇದರಲ್ಲೇ ಹೋಯಿತು. ಜೋರಾಗಿ ವಾದ ಮಾಡಿದ ಇಬ್ಬರ ತಲೆಯಲ್ಲೂ ಕೂದಲಿಲ್ಲ ಅನ್ನುವುದು ಆಮೇಲೆ ಫೋಟೊ ನೋಡಿದಾಗ ಗೊತ್ತಾಯಿತು.

ಮೂಗಿನ ಕ್ಲಿಪ್ಪಿನ ಬಗ್ಗೆ ಮಾತ್ರ ಎಲ್ಲರಿಗೂ ಒಂದೇ ಅಭಿಪ್ರಾಯ. ತಲೆಕೆಳಗಾಗಿ ಮುಳುಗಿದಾಗ ಮೂಗಿಗೆ ನೀರು ನುಗ್ಗಬಾರದು ಅಂತ ಹಾಕಿಕೊಳ್ಳುವ ಪುಟ್ಟ ವಸ್ತು ಅದು. ಸಂತೆ ಮೈದಾನದ ಹಿಂದಿನ ಚರಂಡಿಯ ಹತ್ತಿರದ ನಿವಾಸಿಗಳಿಗೆ ಇದನ್ನು ಹಂಚಿದರೆ ಚರಂಡಿ ಕೆಲಸದ ಖರ್ಚೇ ಉಳಿಯುತ್ತದೆ ಅಂತ ಉಪಾಧ್ಯಕ್ಷರು ಅಲ್ಲೇ ಲೆಕ್ಕ ಹಾಕಿದರು.

ನಮ್ಮವರ ಕಣ್ಣಲ್ಲಿ ನೀರು ಬಂದದ್ದು 1992ರ ಕತೆ ಕೇಳಿದಾಗ. ಆ ವರ್ಷದ ಒಲಿಂಪಿಕ್ಸ್ ಬಾರ್ಸಿಲೋನಾದಲ್ಲೇ ನಡೆದದ್ದು. ಒಬ್ಬರೇ ಈಜುವ ಸ್ಪರ್ಧೆಯಲ್ಲಿ ಕೆನಡಾದ ಸಿಲ್ವಿ ಫ್ರೆಶೆಟ್ ಅವರಿಗೆ ತೀರ್ಪುಗಾರರೊಬ್ಬರು 9.7 ಕೊಡಬೇಕಿತ್ತು. ಕೈತಪ್ಪಿ 8.7 ಒತ್ತಿಬಿಟ್ಟರು. ತಪ್ಪಾಗಿದೆ ಅಂತ ಆಮೇಲೆ ಹೇಳಿದರೂ ಅಂಕ ಬದಲಾಗಲಿಲ್ಲ. ಚಿನ್ನ ಅಮೆರಿಕದವರಿಗೆ ಹೋಯಿತು. ತಿದ್ದುಪಡಿಗೆ ಒಂದು ವರ್ಷಕ್ಕೂ ಜಾಸ್ತಿ ಹಿಡಿದು, 1993ರಲ್ಲಿ ಫ್ರೆಶೆಟ್ ಅವರಿಗೂ ಚಿನ್ನ ಕೊಟ್ಟರು. ಅಮೆರಿಕದವರ ಹತ್ತಿರ ಇದ್ದದ್ದನ್ನು ವಾಪಸ್ ಕೇಳಲಿಲ್ಲ.

ನಿಯೋಗದ ಹಿರಿಯರೊಬ್ಬರು ಇದನ್ನು ಕೇಳಿ ಕಣ್ಣೊರೆಸಿಕೊಂಡರು. ಅವರ ಅಜ್ಜನ ಕಾಲದಲ್ಲಿ ಪಹಣಿಯಲ್ಲಿ ಒಂಬತ್ತು ಗುಂಟೆ ಎಂಟಾಗಿತ್ತು. ಮೂರನೇ ತಲೆಮಾರು ಈಗ ತಾಲ್ಲೂಕು ಕಚೇರಿಗೆ ಅಲೆಯುತ್ತಿದೆ. "ಬರೀ ಒಂದು ವರ್ಷಕ್ಕೆ ತಿದ್ದಿಕೊಟ್ರಾ? ಯಾರನ್ನ ಹಿಡಿದ್ರಂತೆ ಕೇಳಿ" ಅಂತ ದುಭಾಷಿಯನ್ನು ಪೀಡಿಸಿದರು. ಚಿನ್ನ ಇಬ್ಬರಿಗೂ ಕೊಟ್ಟರು ಅನ್ನುವುದು ಮಾತ್ರ ಅವರಿಗೆ ಹೊಸದಾಗಿ ಕಾಣಲಿಲ್ಲ. ಒಂದೇ ಜಾಗವನ್ನು ಇಬ್ಬರಿಗೆ ಖಾತೆ ಮಾಡಿಕೊಡುವುದು ನಮ್ಮಲ್ಲೂ ಇದೆ.

ಬುಡಾಪೆಸ್ಟಿನ ಘಟನೆಯನ್ನೂ ಅಲ್ಲಿ ಹೇಳಿದರು. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಅನಿತಾ ಆಲ್ವಾರೆಜ್ ನೀರಿನಲ್ಲೇ ಪ್ರಜ್ಞೆ ತಪ್ಪಿ ತಳಕ್ಕಿಳಿಯುತ್ತಿದ್ದರು. ಕೋಚ್ ಆಂಡ್ರಿಯಾ ಫುಯೆಂಟೆಸ್ ಉಟ್ಟ ಬಟ್ಟೆಯಲ್ಲೇ ಹಾರಿ ಎತ್ತಿಕೊಂಡು ಬಂದರು. ನಮ್ಮ ಲೆಕ್ಕಪತ್ರದ ಗುಮಾಸ್ತರು ತಕ್ಷಣ ಒಂದು ಪ್ರಶ್ನೆ ಕೇಳಿದರಂತೆ: ಒದ್ದೆಯಾದ ಬಟ್ಟೆಯ ದುಡ್ಡನ್ನು ಯಾವ ಶೀರ್ಷಿಕೆಯಲ್ಲಿ ತೋರಿಸಿದರು?

ಗುಮಾಸ್ತರು ಎಂಟರಲ್ಲಿ ಸೇರಿಲ್ಲ. ಅವರು ಒಂಬತ್ತನೆಯವರು. ರಿಸರ್ವ್.

ಒಂದು ಪಾಠಕ್ಕೆ ಮಾತ್ರ ನಮ್ಮವರು ಪೂರ್ತಿ ಕೂರಲಿಲ್ಲ. 2023ರಿಂದ ಈ ಆಟದಲ್ಲಿ ಅಂಕ ಕೊಡುವ ರೀತಿ ಬದಲಾಗಿದೆ. ತಂಡದವರು ಏನೇನು ಮಾಡುತ್ತೇವೆ, ಅದರಲ್ಲಿ ಯಾವುದು ಎಷ್ಟು ಕಷ್ಟದ್ದು ಅಂತ ಮೊದಲೇ ಚೀಟಿಯಲ್ಲಿ ಬರೆದುಕೊಡಬೇಕು. ನೀರಿಗಿಳಿದ ಮೇಲೆ, ಬರೆದದ್ದನ್ನೇ ಮಾಡಿದರಾ ಅಂತ ಪರಿಶೀಲಿಸಲು ಬೇರೆ ಜನ ಕೂತಿರುತ್ತಾರೆ. ಬೇಕಾದರೆ ವಿಡಿಯೊ ಹಾಕಿ ನೋಡುತ್ತಾರೆ. ಒಂದು ಸುತ್ತು ಕಮ್ಮಿಯಾದರೂ ಆ ಭಾಗದ ಅಂಕ ತಳಕ್ಕೆ ಬೀಳುತ್ತದೆ. ಎಷ್ಟು ಚೆಂದ ನಕ್ಕರೂ ಉಪಯೋಗವಿಲ್ಲ. ಕೆಲಸ ಸಣ್ಣದು, ಬರೆದದ್ದು ದೊಡ್ಡದು ಅಂದರೆ ಪದಕವೇ ಕೈತಪ್ಪುತ್ತದೆ.

ಇದನ್ನು ಕೇಳುತ್ತಿದ್ದ ಗುತ್ತಿಗೆದಾರ ಸದಸ್ಯರು ಅರ್ಧಕ್ಕೇ ಎದ್ದು ಕಾಫಿ ಕುಡಿಯಲು ಹೋದರು. ಹಿಂದೆಯೇ ಉಳಿದವರೂ ಎದ್ದರು, ಎಲ್ಲರೂ ಒಟ್ಟಿಗೇ. ವರದಿಯಲ್ಲಿ ಈ ಭಾಗಕ್ಕೆ ಒಂದೇ ಸಾಲು ಇದೆ: "ಈ ಪದ್ಧತಿ ನಮ್ಮ ಹವಾಮಾನಕ್ಕೆ ಒಗ್ಗುವುದಿಲ್ಲ."

ವರದಿಯ ಉಳಿದ ಪುಟಗಳು ಚೆನ್ನಾಗಿವೆ. ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದರಿಂದ, ಮುಳುಗಿ ಏಳುವುದು ಜಿಲ್ಲೆಯ ಪರಂಪರೆ ಅಂತ ಒಂದು ಅಧ್ಯಾಯವೇ ಇದೆ. ಆಟದ ಹೆಸರು 2017ರಲ್ಲೇ ಆರ್ಟಿಸ್ಟಿಕ್ ಸ್ವಿಮ್ಮಿಂಗ್ ಅಂತ ಬದಲಾಗಿರುವುದು ಸ್ಪೇನಿಗೆ ಹೋದ ಮೇಲೆ ಗೊತ್ತಾದ್ದರಿಂದ, ಹಳೆ ಹೆಸರಿನಲ್ಲಿ ಮಾಡಿದ ಅಧ್ಯಯನ ಊರ್ಜಿತವಾಗುವುದಿಲ್ಲ, ಹೊಸ ಹೆಸರಿನಲ್ಲಿ ಇನ್ನೊಮ್ಮೆ ಹೋಗಬೇಕು ಅಂತ ಕೊನೆಯಲ್ಲಿ ಶಿಫಾರಸು ಮಾಡಿದ್ದಾರೆ. ಈ ಸಲ ಜಪಾನ್.

ಪಿಟಿ ಮೇಷ್ಟ್ರು ಈ ನಡುವೆ ಒಂದು ಅರ್ಜಿ ಹಾಕಿದ್ದರು. ಕೆರೆಯಲ್ಲಿ ಅಭ್ಯಾಸ ಮಾಡುವ ನಾಲ್ಕು ಹುಡುಗಿಯರಿಗೆ ನಾಲ್ಕು ಮೂಗಿನ ಕ್ಲಿಪ್ ಕೊಡಿಸಿ ಅಂತ. ಮೊನ್ನೆ ಕಡತ ಆಕ್ಷೇಪಣೆಯೊಂದಿಗೆ ವಾಪಸ್ ಬಂದಿದೆ. ಮೂರು ಕೊಟೇಷನ್ ಇಲ್ಲ. ಜೊತೆಗೆ, ಪ್ರತಿ ವಿದ್ಯಾರ್ಥಿನಿಗೂ ಮೂಗು ಒಂದೇ ಇದೆ ಅನ್ನುವುದಕ್ಕೆ ಸಂಬಂಧಪಟ್ಟ ಪ್ರಾಧಿಕಾರದ ದೃಢೀಕರಣ ಪತ್ರ ಲಗತ್ತಿಸಿಲ್ಲ.