ಕಾಲು ಬಿದ್ದ ಮೇಲೆ

ವರ್ಷತೊಡಕಿನ ಬಾಡೂಟ ಮುಗಿದು, ಎಲೆಅಡಿಕೆಯ ತಟ್ಟೆ ಒಬ್ಬರ ಮುಂದಿನಿಂದ ಇನ್ನೊಬ್ಬರ ಮುಂದಕ್ಕೆ ಸರಿಯುತ್ತಿದ್ದ ಹೊತ್ತಿನಲ್ಲಿ, ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ಕುಳಿತಿದ್ದ ಆರು ಮಂದಿಗೆ ನಾನು ಸುಮಾರು ಒಂದೂವರೆ ನಿಮಿಷದ ಕಾರ್ಟೂನ್ ಚಿತ್ರವೊಂದನ್ನು ಟಿ.ವಿ.ಯಲ್ಲಿ ತೋರಿಸಿದೆ. ಹಬ್ಬದ ಮಾರನೆಯ ದಿನ ಅಂಥದ್ದನ್ನು ತೋರಿಸಬಾರದಾಗಿತ್ತೆಂದು ನಮ್ಮತ್ತೆ ಈಗಲೂ ಹೇಳುತ್ತಾರೆ.

ಚಿತ್ರದ ಹೆಸರು ‘ಬ್ಯಾಂಬಿ ಮೀಟ್ಸ್ ಗಾಡ್ಜಿಲ್ಲಾ’. ಲಾಸ್ ಏಂಜಲೀಸಿನಲ್ಲಿ ಕಲೆ ಕಲಿಯುತ್ತಿದ್ದ ಮಾರ್ವ್ ನ್ಯೂಲ್ಯಾಂಡ್ ಎಂಬ ವಿದ್ಯಾರ್ಥಿ 1969ರಲ್ಲಿ ಮಾಡಿದ್ದು. ಬ್ಯಾಂಬಿ ಎಂದರೆ 1942ರ ಡಿಸ್ನಿ ಚಿತ್ರದ ಜಿಂಕೆಮರಿ. ಗಾಡ್ಜಿಲ್ಲಾ ಎಂದರೆ 1954ರಲ್ಲಿ ಜಪಾನಿನ ಚಿತ್ರವೊಂದರಲ್ಲಿ ಕಡಲಿನಿಂದೆದ್ದು ಬಂದು ಟೋಕಿಯೊ ನಗರವನ್ನು ತುಳಿದು ಹಾಕಿದ ದೈತ್ಯ ಪ್ರಾಣಿ. ಈ ಚಿತ್ರದಲ್ಲಿ ಬಣ್ಣವಿಲ್ಲ. ಬಿಳಿಯ ಹಾಳೆಯ ಮೇಲೆ ಗೆರೆಯಲ್ಲಿ ಬರೆದ ಜಿಂಕೆಯೊಂದು ತನ್ನ ಪಾಡಿಗೆ ಹುಲ್ಲು ಮೇಯುತ್ತಿರುತ್ತದೆ, ಹಿಂದೆ ರೊಸ್ಸೀನಿಯ ‘ವಿಲಿಯಂ ಟೆಲ್’ ಒಪೆರಾದಿಂದ ತೆಗೆದ, ದನ ಕಾಯುವವರ ರಾಗದಂಥ ಮೆಲುವಾದ ಸಂಗೀತ. ಅದರ ಮೇಲೆ ಒಂದೊಂದಾಗಿ ಹೆಸರುಗಳು ಸರಿಯುತ್ತವೆ: ಬರೆದವರು ಮಾರ್ವ್ ನ್ಯೂಲ್ಯಾಂಡ್, ನಿರ್ದೇಶಿಸಿದವರು ಮಾರ್ವ್ ನ್ಯೂಲ್ಯಾಂಡ್, ಬ್ಯಾಂಬಿಯ ಉಡುಪು ಮಾರ್ವ್ ನ್ಯೂಲ್ಯಾಂಡ್, ಕೊನೆಯಲ್ಲಿ ಮಾರ್ವ್ ನ್ಯೂಲ್ಯಾಂಡರ ನಿರ್ಮಾಪಕರು ಶ್ರೀ ಮತ್ತು ಶ್ರೀಮತಿ ನ್ಯೂಲ್ಯಾಂಡ್. ಅಷ್ಟರಲ್ಲಿ ಮೇಲಿನಿಂದ ಒಂದು ಬೃಹತ್ ಕಾಲು ಧಪ್ಪನೆ ಬಿದ್ದು ಜಿಂಕೆ ಚಪ್ಪಟೆಯಾಗುತ್ತದೆ. ಮುಗಿಯಿತು. ಗಾಡ್ಜಿಲ್ಲಾವನ್ನು ಒದಗಿಸಿಕೊಟ್ಟುದಕ್ಕಾಗಿ ಟೋಕಿಯೊ ನಗರಕ್ಕೆ ಕೃತಜ್ಞತೆ ಹೇಳಿ ಚಿತ್ರ ಕೈಮುಗಿಯುತ್ತದೆ. ಕಾಲಿಗೆ ಬೀಳುವುದನ್ನು ಚಿಕ್ಕಂದಿನಿಂದ ಅಭ್ಯಾಸ ಮಾಡಿಕೊಂಡು ಬಂದ ನಮಗೆ, ಕಾಲೇ ಹೀಗೆ ಬೀಳುವುದು ಹೊಸದು.

ಹಿಂದೆ ಒಬ್ಬನೇ ನೋಡಿದಾಗ ನನ್ನ ಮೂಗಿನಿಂದ ಸಣ್ಣದೊಂದು ಉಸಿರು ಹೊರಬಿದ್ದಿತ್ತೇ ಹೊರತು ನಗು ಬಂದಿರಲಿಲ್ಲ. ಆದ್ದರಿಂದ ಈ ಸಲ ಟಿ.ವಿ.ಗೆ ಬೆನ್ನು ಮಾಡಿ, ನೋಡುವವರ ಮುಖಗಳನ್ನೇ ನೋಡುತ್ತ ಕುಳಿತೆ. ಕಾಲು ಬಿದ್ದ ಕ್ಷಣ ಯಾರೂ ನಗಲಿಲ್ಲ. ಎರಡು ಮೂರು ಸೆಕೆಂಡುಗಳ ಕಾಲ ಎಲ್ಲರೂ ಟಿ.ವಿ. ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವಿನ ಮನೆಯಲ್ಲಿ ಯಾರದೋ ಮೊಬೈಲು ಸಿನಿಮಾ ಹಾಡು ಹಾಡತೊಡಗಿದಾಗ ಕುಳಿತವರು ಹೇಗೆ ನೋಡಿಕೊಳ್ಳುತ್ತಾರೋ ಹಾಗೆ, ಇಲ್ಲಿ ನಗಬಹುದೋ ಇಲ್ಲವೋ ಎಂದು ಪಕ್ಕದವರ ಹುಬ್ಬನ್ನು ಕೇಳುವ ನೋಟ. ನ್ಯೂಲ್ಯಾಂಡ್ ಜಾಣನೆಂದು ನನಗೆ ಅನಿಸಿದ್ದು ಆಗಲೇ. ಬಿದ್ದ ಕಾಲನ್ನು ಆತ ತಟ್ಟನೆ ಎತ್ತಿಸುವುದಿಲ್ಲ. ಕೃತಜ್ಞತೆಯೆಲ್ಲ ಮುಗಿಯುವವರೆಗೂ ಅದು ಅಲ್ಲೇ ಕಂಬದಂತೆ ಊರಿ ನಿಂತಿರುತ್ತದೆ. ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕೆ ಬೇಕಾದಷ್ಟು ಬಿಡುವನ್ನು ಆತ ಚಿತ್ರದೊಳಗೇ ಕೊಟ್ಟಿದ್ದಾನೆ.

ಮೊದಲು ಬಾಯಿ ಬಿಟ್ಟವರು ಚಿಕ್ಕಪ್ಪ. “ಅಷ್ಟೇಯೇನ್ಲಾ?” ಎಂದರು. ಅನಿಮೇಷನ್ ವೃತ್ತಿಯವರ ಮತ ಪಡೆದು 1994ರಲ್ಲಿ ಹೊರತಂದ 50 ಶ್ರೇಷ್ಠ ಕಾರ್ಟೂನುಗಳ ಪಟ್ಟಿಯಲ್ಲಿ ಇದಕ್ಕೆ 38ನೆಯ ಸ್ಥಾನ ಸಿಕ್ಕಿದೆಯೆಂದು ನಾನು ಸ್ವಲ್ಪ ಬಿಗುವಿನಿಂದಲೇ ತಿಳಿಸಿದೆ. “ಹಂಗಾದ್ರೆ 39ನೇದ್ರಲ್ಲಿ ಏನೂ ಇರ್ಲಿಕ್ಕಿಲ್ಲ ಬಿಡು” ಎಂದು ಅವರು ಅಡಿಕೆ ಹೋಳನ್ನು ದವಡೆಗೆ ಸರಿಸಿಕೊಂಡರು. ಅಕ್ಕ ಕಾಫಿಗೆ ಹಾಲಿಡಲೆಂದು ಎದ್ದು ಹೋದವಳು ಹಾಲು ಉಕ್ಕುವ ಮೊದಲೇ ಚಿತ್ರ ಮುಗಿದುಹೋಗಿದ್ದರಿಂದ ಅಭಿಪ್ರಾಯ ಹೇಳುವ ಭಾಗ್ಯದಿಂದ ವಂಚಿತಳಾದಳು.

ಅತ್ತೆಯವರ ಸಂಕಟವೇ ಬೇರೆ. “ಪಾಪ, ಆ ಜಿಂಕೆ ಯಾರಿಗೇನು ಮಾಡಿತ್ತು?” ಎಂದು ಅವರು ಕೇಳಿದಾಗ ಅವರ ಬೆರಳಿನಲ್ಲಿ ಮಟನ್ ಸಾರಿನ ಅರಿಸಿನ ಇನ್ನೂ ಮಾಸಿರಲಿಲ್ಲ. ನಲ್ಲಿಮೂಳೆಯನ್ನು ತಟ್ಟೆಯ ಅಂಚಿಗೆ ಕುಟ್ಟಿ ಕುಟ್ಟಿ ಬರಿದು ಮಾಡಿದವರೂ ಅವರೇ. ಇದನ್ನು ಕಪಟವೆಂದು ನಾನು ಹೇಳಲಾರೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು, ಬಲಿಯಾಗುವ ಪ್ರಾಣಿಗೆ ಎರಡು ಮಾತಾಡುವ ಅವಕಾಶವಾದರೂ ಇರಬೇಕೆಂದು ಬಯಸುತ್ತಾರೆ. ಮಾತು ಕೇಳಿದ ಹುಲಿ ನೊಂದುಕೊಳ್ಳುತ್ತದೆ ಎಂಬ ಭರವಸೆಯೂ ಅವರಿಗಿದೆ. ಇಲ್ಲಿ ಜಿಂಕೆ ತುಟಿ ಬಿಚ್ಚುವುದಿಲ್ಲ, ಕಾಲಿಗೋ ಕಿವಿಯೇ ಇಲ್ಲ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಕ್ಕರು, ಆದರೆ ಕಾಲಿಗಲ್ಲ, ಹೆಸರುಗಳಿಗೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಊರಿನವರು ಆಡುವ ಕುರುಕ್ಷೇತ್ರ ನಾಟಕದಲ್ಲಿ ಮೂರು ಸಲ ಭೀಮನಾದ ಅನುಭವ ಅವರದು. ಪಾತ್ರಕ್ಕೆ ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕಂದಪದ್ಯ ತಿದ್ದಿಕೊಂಡು, ಕೊನೆಗೆ ನಾಟಕದ ರಾತ್ರಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಶಾಲು ಹೊದಿಸುವವರು, ಹೊದಿಸಿಕೊಳ್ಳುವವರು ಎಲ್ಲರ ಸರದಿ ಮುಗಿಯುವವರೆಗೆ ಗದೆ ಹಿಡಿದು ಪರದೆಯ ಹಿಂದೆ ಬೆವರುತ್ತ ನಿಂತವರಿಗೆ ಮಾತ್ರ ಈ ಚಿತ್ರದ ಮೊದಲ ಭಾಗ ಅರ್ಥವಾಗುತ್ತದೆ ಎಂಬುದು ಅವರ ವಾದ. “ಹೆಸರು ಓದಿ ಮುಗಿಯೋ ಹೊತ್ತಿಗೆ ದುರ್ಯೋಧನ ನಿದ್ದೆ ಮಾಡಿರ್ತಾನೆ” ಎಂದರು. ಅವರ ನಗು ಕೇಳಿದ ಮೇಲೆಯೇ ಚಿಕ್ಕಪ್ಪನೂ ನಕ್ಕದ್ದು. ಅಷ್ಟೇಯೇ ಎಂದು ಕೇಳಿದ ಬಾಯಿಯೇ ಎರಡನೆಯ ಸಲ ಹಾಕಲು ಹೇಳಿತು.

ಎರಡನೆಯ ಪ್ರದರ್ಶನದಲ್ಲಿ ಅಕ್ಕನ ಆರು ವರ್ಷದ ಮಗಳು ಮೊದಲನೆಯ ಹೆಸರಿಗೇ ನಗಲು ಶುರು ಮಾಡಿದಳು. ಜಿಂಕೆ ತಲೆ ಎತ್ತಿದರೆ ನಗು, ಬಗ್ಗಿಸಿದರೆ ನಗು. ಕಾಲು ಬೀಳುವ ಹೊತ್ತಿಗೆ ಅವಳಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂದಿತ್ತು, ಕಾಲನ್ನು ಅವಳು ಸರಿಯಾಗಿ ನೋಡಲೇ ಇಲ್ಲ.

ನೋಡಿದವರು ಭಾವ. ಸಕಲೇಶಪುರದ ಕಡೆಯವರಾದ ಅವರು ಎರಡೂ ಸಲ ಒಂದಿಷ್ಟೂ ನಗದೆ, ಕೊನೆಯಲ್ಲಿ ಆ ಕಾಲಿನ ಉಗುರುಗಳು ಮೆಲ್ಲನೆ ಮಡಚಿಕೊಳ್ಳುವುದನ್ನು ಗಮನಿಸಿದ್ದರು. ಅವರ ಗದ್ದೆಗೆ ಆನೆ ಇಳಿದ ಮಾರನೆಯ ಬೆಳಿಗ್ಗೆ ನಾನೂ ಒಮ್ಮೆ ಹೋಗಿದ್ದೆ. ಹಾಲುಗಟ್ಟಿದ ಭತ್ತದ ನಡುವೆ ಬಾಂಡಲಿಯಷ್ಟಗಲದ ಹೆಜ್ಜೆಗಳು. ಒಂದೊಂದರಲ್ಲೂ ಕೆಸರುನೀರು ತುಂಬಿಕೊಂಡು, ಒಂದರಲ್ಲಿ ಕಪ್ಪೆಯೊಂದು ಆಗಲೇ ಸಂಸಾರ ಹೂಡುವ ಅಂದಾಜಿನಲ್ಲಿ ಕುಳಿತಿತ್ತು. ಅಂಬಾರಿಯನ್ನು ಎಂಟು ಸಲ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಂದಿಗೆ ಸೆಣಸಿ ಸತ್ತದ್ದೂ ಆ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿಯೇ. ಆ ಸೀಮೆಯವರಿಗೆ ಮೇಲಿನಿಂದ ಬೀಳುವ ಕಾಲನ್ನು ತೋರಿಸಿ ನಗಿಸಬೇಕೆಂದುಕೊಂಡದ್ದು ನನ್ನ ಬುದ್ಧಿಗೇಡಿತನವೆಂದು ಒಳಗೊಳಗೇ ಕುಗ್ಗುತ್ತಿದ್ದಾಗ ಭಾವ ಲೋಟ ಕೆಳಗಿಟ್ಟು, “ಸರಿಯಾಗೇ ತೆಗ್ದಿದ್ದಾನೆ. ನಮ್ಮಲ್ಲೂ ಹಿಂಗೇ. ಆನೆ ಎಲ್ಲಿದೆ ಅಂತ ಇಲಾಖೆಯಿಂದ ಮೊಬೈಲಿಗೆ ಮೊದ್ಲು ಅಕ್ಷರ ಬರುತ್ತೆ, ಆಮೇಲೆ ಕಾಲು ಬರುತ್ತೆ” ಎಂದರು. ಅತ್ತೆಯವರು ಕೂಡ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಮಧ್ಯಾಹ್ನದ ದೊಡ್ಡ ನಗು ಅದೇ, ಅದಕ್ಕೆ ಹೆಸರು ಹಾಕಬೇಕಾದವರು ನ್ಯೂಲ್ಯಾಂಡ್ ಅಲ್ಲ.

ಮುಂದಿನ ಭಾನುವಾರ ಎಲ್ಲರೂ ಬೇಲೂರಿಗೆ ಹೋದೆವು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಗೈಡುಗಳು ತಪ್ಪದೆ ತೋರಿಸುವ ಸಣ್ಣ ಕೆತ್ತನೆಯೊಂದಿದೆ: ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಇದನ್ನೆಲ್ಲ ಕಂಡು ಬೆರಗಾದ ಋಷಿಯೊಬ್ಬನನ್ನೂ ಗೈಡು ಬೆರಳಿಟ್ಟು ತೋರಿಸಿದ. ಋಷಿಯ ಮುಖದಲ್ಲಿ, ಅಕ್ಕಪಕ್ಕದಲ್ಲಿ ಕೇಳಲು ಯಾರೂ ಇಲ್ಲದೆ ನಗಲಾರದೆ ಉಳಿದವನ ಪೇಚಾಟ ನನಗೆ ಕಂಡಿತು. ಅತ್ತೆಯವರು “ಎಷ್ಟು ನಾಜೂಕಾಗಿ ಕೆತ್ತಿದ್ದಾರೆ!” ಎಂದು ಕೈಮುಗಿದರು. ಜಿಂಕೆಯ ವಿಚಾರ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಅಕ್ಕನ ಮಗಳು ಮಾತ್ರ ಗಂಡಭೇರುಂಡದ ಮೇಲಿದ್ದ ಖಾಲಿ ಕಲ್ಲನ್ನು ಬಹಳ ಹೊತ್ತು ದಿಟ್ಟಿಸಿ, ನನ್ನ ಅಂಗಿಯ ತುದಿ ಜಗ್ಗಿ ಕೇಳಿದಳು: “ಮಾಮ, ಕಾಲು ಯಾವಾಗ ಬರುತ್ತೆ?”