ಭಾರದ ವಸ್ತು ಏನಾದರೂ

‘ತೋಫುವಿನ ಮೇಲೆ ಭಾರದ ವಸ್ತು ಏನಾದರೂ ಇಟ್ಟು ಅರ್ಧ ಗಂಟೆ ಬಿಡಿ.’ ಅಡುಗೆ ಹೇಳಿಕೊಡುವವರ ಈ ‘ಏನಾದರೂ’ ಇದೆಯಲ್ಲ, ಅದು ನನಗೆ ಆಗಿಬರುವುದಿಲ್ಲ. ಸೋಯಾ ಸಾಸ್ ಮೂರು ಚಮಚ, ಶುಂಠಿ ಅರ್ಧ ಇಂಚು ಅಂತ ಎಲ್ಲ ಅಳೆದು ಹೇಳುವವರು ಭಾರದ ವಿಷಯಕ್ಕೆ ಬಂದಕೂಡಲೇ ಕೈ ಎತ್ತಿಬಿಡುತ್ತಾರೆ. ಕೆಲವರು ದಪ್ಪ ಪುಸ್ತಕ ಇಡಿ ಅನ್ನುತ್ತಾರೆ. ಶಿರಸಿಯ ಆಷಾಢದಲ್ಲಿ ಪುಸ್ತಕವೇ ತೋಫುವಿಗಿಂತ ಜಾಸ್ತಿ ನೀರು ಕುಡಿದಿರುತ್ತದೆ. ಯಾವುದನ್ನು ಯಾವುದರ ಮೇಲಿಟ್ಟು ಹಿಂಡಬೇಕು ಅಂತ ಮೊದಲು ತೀರ್ಮಾನ ಆಗಬೇಕು.

ತೋಫು, ಅಂದರೆ ಸೋಯಾ ಹಾಲಿನ ಪನೀರು, ತಂದವನು ಮೈದುನನ ಮಗ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ, ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿಕೊಂಡು ಹೊತ್ತು ತಂದಿದ್ದ. ‘ದೊಡ್ಡಾಯಿ, ಮಸಾಲೆಯಲ್ಲಿ ನೆನೆಸಿ, ಕಡ್ಡಿಗೆ ಚುಚ್ಚಿ ಸುಟ್ರೆ ಮಸ್ತ್ ಆಗ್ತು’ ಅಂದವನೇ ಮೊಬೈಲ್ ಹಿಡಿದು ಜಗಲಿಯಲ್ಲಿ ಕುಳಿತ. ಈಗಿನ ಹುಡುಗರು ಊಟ ಮಾಡುವುದಿಲ್ಲ, ಪ್ರೋಟೀನ್ ತಗೊಳ್ಳುತ್ತಾರೆ. ತಗೊಳ್ಳಲಿ. ಅದನ್ನು ಹಿಂಡಿ, ಹೆಚ್ಚಿ, ನೆನೆಸಿ, ಸುಟ್ಟು ಕೊಡುವವರು ಮಾತ್ರ ಯಾವಾಗಲೂ ಬೇರೆಯವರೇ ಆಗಿರುತ್ತಾರೆ, ಯಾಕೋ.

ಭಾರದ ವಸ್ತು ಅಂದಾಗ ನನ್ನ ಕಣ್ಣು ಹೋದದ್ದು ಅಟ್ಟದ ಕಡೆಗೆ. ಅಲ್ಲಿ ಖಾಲಿ ಭರಣಿಯ ಪಕ್ಕ ಒಂದು ಕಲ್ಲಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಚಪ್ಪಟೆ, ಬೂದು ಬಣ್ಣ, ಅಘನಾಶಿನಿಯ ನೀರಿನಲ್ಲಿ ಉರುಳಿ ಉರುಳಿ ನುಣುಪಾದದ್ದು. ಮಿಡಿ ಒತ್ತುವ ಕಲ್ಲು. ಅದಕ್ಕೆ ಕೈ ಚಾಚಿದ್ದೇ ತಡ, ಒಳಗಿನಿಂದ ಅತ್ತೆಯ ಧ್ವನಿ: ‘ಆ ಕಲ್ಲು ಮುಟ್ಟಡ! ಬಪ್ಪ ವರ್ಷದ ಮಿಡಿ ಹಾಳಾಗ್ತು.’ ಎಂಬತ್ತರ ಹತ್ತಿರದ ಅತ್ತೆಗೆ ಎದುರು ಕುಳಿತು ಮಾತಾಡಿದರೆ ಕೇಳುವುದಿಲ್ಲ. ಅಟ್ಟದ ಮೇಲೆ ಕಲ್ಲು ಅಲುಗಿದ್ದು ಮಾತ್ರ ಹೇಗೆ ಕೇಳಿಸುತ್ತದೋ.

ಈ ಕಲ್ಲಿನ ಕತೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ನಮ್ಮ ಕಡೆ ಅಪ್ಪೆಮಿಡಿ ಅಂದರೆ ಸುಮ್ನೆ ಮಾವಿನಕಾಯಿ ಅಲ್ಲ. ಹೊಳೆಸಾಲಿನ ಕಾಡುಮರಗಳಲ್ಲಿ ಒಂದೊಂದಕ್ಕೂ ಒಂದೊಂದು ಹೆಸರು: ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ. ತೊಟ್ಟು ಮುರಿದ ತಕ್ಷಣ ಸೊನೆ ಚಿಮ್ಮಬೇಕು, ಪರಿಮಳ ಕೈಗೆ ಅಂಟಿಕೊಂಡು ಮರುದಿನವೂ ಬಿಡಬಾರದು. ಮರ ಹತ್ತಿ ತೊಟ್ಟಿನ ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಉಪ್ಪಿನಕಾಯಿಗೆ ಆಗದು, ಅವತ್ತೇ ಅಪ್ಪೆಹುಳಿ ಮಾಡಿ ಕುಡಿದು ಮುಗಿಸಬೇಕು. ಕೊಯ್ದ ಮಿಡಿಯನ್ನು ಭರಣಿಯಲ್ಲಿ ಹರಳುಪ್ಪಿನ ಜೊತೆ ಪದರ ಪದರವಾಗಿ ತುಂಬಿ, ಮೇಲೆ ಕಲ್ಲು ಹೇರುತ್ತಾರೆ. ಉಪ್ಪು ಮಿಡಿಯ ನೀರನ್ನು ಎಳೆಯುತ್ತದೆ, ಮಿಡಿ ಚಿರುಟುತ್ತದೆ, ಅದರದ್ದೇ ನೀರು ಮೇಲೆದ್ದು ಅದನ್ನೇ ಮುಳುಗಿಸುತ್ತದೆ. ಮುಳುಗಿರುವವರೆಗೆ ಕೆಡುವುದಿಲ್ಲ. ಕಲ್ಲಿನ ಕೆಲಸ ಅಷ್ಟೇ, ತಲೆ ಎತ್ತದ ಹಾಗೆ ಒತ್ತಿ ಹಿಡಿಯುವುದು. ಯಾವ ಕಲ್ಲಾದರೂ ಅದನ್ನು ಮಾಡುತ್ತದೆ. ಆದರೆ ಹಾಗಂತ ನಮ್ಮ ಮನೆಯಲ್ಲಿ ಹೇಳಿ ನೋಡಿ.

ಮಾವ ಮತ್ತು ಅವರ ಅಣ್ಣ ಹಿಸೆ ಆದಾಗ ತೋಟ, ಬೆಟ್ಟ, ಗದ್ದೆ ಎಲ್ಲ ಒಂದೇ ಬೆಳಿಗ್ಗೆ ಪಾಲಾಯಿತಂತೆ. ಪಂಚರಿಗೆ ಆಶ್ಚರ್ಯ. ಇಷ್ಟು ಸಲೀಸಾಗಿ ಹಿಸೆ ಆದ ಮನೆಯನ್ನು ನೋಡಿಯೇ ಇಲ್ಲ ಅಂದು ಚಾ ಕುಡಿದು ಎದ್ದರಂತೆ. ಆಗ ಅಡುಗೆಮನೆಯ ಬಾಗಿಲಿನಿಂದ ದೊಡ್ಡತ್ತೆ ಕೇಳಿದರು, ‘ಕಲ್ಲು ಯಾರಿಗೆ?’ ಪಟ್ಟಿಯಲ್ಲಿ ಕಲ್ಲೇ ಇರಲಿಲ್ಲ. ಗಂಡಸರು ಬರೆದ ಪಟ್ಟಿ, ಇರುವುದಾದರೂ ಹೇಗೆ? ಅತ್ತೆಯೂ ಬಾಗಿಲಿಗೆ ಬಂದರು. ಪಂಚರು ಮತ್ತೆ ಕುಳಿತರು. ಹೊಳೆಯಿಂದ ಇನ್ನೊಂದು ಕಲ್ಲು ತಂದರಾಯಿತು ಅಂತ ಯಾರೋ ಹೇಳಿದರಂತೆ. ಇಬ್ಬರು ವಾರಗಿತ್ತಿಯರೂ ಒಟ್ಟಿಗೇ ಅವರ ಕಡೆ ತಿರುಗಿ ನೋಡಿದರಂತೆ. ಅವರು ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೊಂದೇ ಸಲ. ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ ಅನ್ನುವ ಮಾತೂ ಬಂತು. ಮಿಡಿ ಕೆಲವು ವರ್ಷ ಬಿಡುತ್ತದೆ, ಕೆಲವು ವರ್ಷ ಬಿಡುವುದಿಲ್ಲ, ಬಿಡದ ವರ್ಷ ನಮ್ಮ ಪಾಲಿಗೆ ಬಂದರೆ ಏನು ಗತಿ ಅಂತ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮಧ್ಯಾಹ್ನದ ಊಟ ಆಯಿತು, ಸಂಜೆಯ ಚಾ ಆಯಿತು. ಕೊನೆಗೆ ಅತ್ತೆ ಬಚ್ಚಲಿನ ತಾಮ್ರದ ಹಂಡೆ ಬಿಟ್ಟುಕೊಟ್ಟು ಕಲ್ಲು ಇಟ್ಟುಕೊಂಡರು. ಆಳೆತ್ತರದ ಹಂಡೆ! ಈಗಿನ ತಾಮ್ರದ ಬೆಲೆಯಲ್ಲಿ ಲೆಕ್ಕ ಹಾಕಿದರೆ ನನಗೆ ತಲೆ ತಿರುಗುತ್ತದೆ. ನಮ್ಮ ಬಚ್ಚಲಿನಲ್ಲಿ ಇವತ್ತಿಗೂ ಇರುವುದು ನೆಗ್ಗಿದ ಅಲ್ಯೂಮಿನಿಯಂ ಹಂಡೆ. ದೊಡ್ಡತ್ತೆಯ ಮನೆಯವರು ಹೊಳೆಯಿಂದ ಬೇರೆ ಕಲ್ಲು ತಂದರು. ಅದರಲ್ಲಿ ಮಿಡಿ ಮೆತ್ತಗಾಗುತ್ತದೆ ಅಂತ ಅತ್ತೆ ಹೇಳುತ್ತಾರೆ. ನಾನು ಎರಡು ಮನೆಯ ಉಪ್ಪಿನಕಾಯಿಯನ್ನೂ ತಿಂದಿದ್ದೇನೆ. ವ್ಯತ್ಯಾಸ ನನಗಂತೂ ಗೊತ್ತಾಗಿಲ್ಲ. ಈ ಮಾತು ಇಲ್ಲಿಗೇ ಇರಲಿ.

ಇಂಥ ಕಲ್ಲನ್ನು ಬೆಂಗಳೂರಿನ ತೋಫುವಿನ ಮೇಲೆ ಇಡಲು ಹೊರಟಿದ್ದೆ ನಾನು. ಜೋನಿಬೆಲ್ಲದ ಡಬ್ಬಿ ಇಟ್ಟೆ. ಕೆಲಸ ಆಯಿತು. ಕೆಳಗಿನ ಬಟ್ಟೆ ತೊಪ್ಪೆಯಾಯಿತು. ಮಿಡಿಯ ನೀರಿಗೆ ಹುಳಿ, ಉಪ್ಪು, ವಾಸನೆ ಎಲ್ಲ ಇರುತ್ತದೆ. ಇದರ ನೀರಿಗೆ ಯಾವ ರುಚಿಯೂ ಇಲ್ಲ.

ಹಿಂಡಿದರೆ ಮಸಾಲೆ ಒಳಗೆ ಹೋಗುತ್ತದೆ ಅನ್ನುತ್ತಾರೆ. ‘ಏನು ಹಚ್ಚಿದರೂ ಹೀರಿಕೊಳ್ಳುತ್ತದೆ’ ಅನ್ನುವುದು ತೋಫುವಿಗೆ ಎಲ್ಲರೂ ಕೊಡುವ ಸರ್ಟಿಫಿಕೇಟು. ಸುಳ್ಳು. ಸೋಯಾ ಸಾಸ್, ಶುಂಠಿ, ಸೂಜಿಮೆಣಸು, ಜೋನಿಬೆಲ್ಲ, ನಿಂಬೆಹುಳಿ ಎಲ್ಲ ಕಲಸಿ ಮಧ್ಯಾಹ್ನ ನೆನೆಹಾಕಿದ್ದನ್ನು ಸಂಜೆ ಒಂದು ತುಂಡು ಕತ್ತರಿಸಿ ನೋಡಿದೆ. ಸುತ್ತ ನೂಲಿನಷ್ಟು ಕಂದು ಅಂಚು, ಒಳಗೆ ಅಚ್ಚ ಬಿಳಿ. ಮಸಾಲೆ ಹೊರಗೇ ನಿಂತಿತ್ತು. ಫ್ರೀಜರಿನಲ್ಲಿ ಕಲ್ಲಾಗಿಸಿ ಮತ್ತೆ ಕರಗಿಸಿದರೆ ಒಳಗೆಲ್ಲ ಸಣ್ಣ ತೂತು ಬಿದ್ದು ಜಾಸ್ತಿ ಹೀರುತ್ತದೆ, ಅದು ನಿಜ. ಮಳೆಗಾಲದಲ್ಲಿ ಕರಗಿಸುವ ಕೆಲಸವನ್ನು ನಾವು ಬೇರೆ ಮಾಡಬೇಕಾಗಿಲ್ಲ. ಗಾಳಿ ಜೋರಾದರೆ ಸಾಕು, ಕರೆಂಟು ಹೋಗಿ ತಾನಾಗಿ ಆಗುತ್ತದೆ.

ಕಡ್ಡಿಗೆ ಚುಚ್ಚುವಾಗ ಇನ್ನೊಂದು ತಮಾಷೆ. ನಾನು ಪೊರಕೆಗೆಂದು ಚೊಕ್ಕ ಮಾಡಿಟ್ಟಿದ್ದ ಹೊಸ ಹಿಡಿಕಡ್ಡಿ ತೆಗೆದುಕೊಂಡೆ. ಕೆಂಡದ ಮೇಲೆ ಮಗುಚಲು ಹೋದರೆ ಕಡ್ಡಿ ಮಾತ್ರ ಗಿರ್ರನೆ ತಿರುಗುತ್ತದೆ, ತೋಫು ಕುಳಿತಲ್ಲೇ ಕುಳಿತಿರುತ್ತದೆ. ಬಿದಿರಿನ ಕಡ್ಡಿ ಸೀಳಿ, ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದೊಂದು ಸಾಲಿಗೆ ಎರಡೆರಡು ಕಡ್ಡಿ ಜೋಡಿಯಾಗಿ ಚುಚ್ಚಿದ ಮೇಲೆ ಹೇಳಿದ ಮಾತು ಕೇಳಿತು. ಜಪಾನಿನಲ್ಲಿ ಫೆಬ್ರವರಿ 8ರಂದು, ಕೆಲವು ಕಡೆ ಡಿಸೆಂಬರ್ 8ರಂದು, ಮುರಿದ ಸೂಜಿಗಳನ್ನು ದೇವಸ್ಥಾನಕ್ಕೆ ಒಯ್ದು ತೋಫುವಿಗೆ ಚುಚ್ಚುವ ಪದ್ಧತಿ ಇದೆ. ವರ್ಷವೆಲ್ಲ ಬಟ್ಟೆ ಹೊಲಿದು ದಣಿದ ಸೂಜಿಗೆ ಮೆತ್ತಗಿನ ಜಾಗದಲ್ಲಿ ವಿಶ್ರಾಂತಿ. ನಮ್ಮ ಆಯುಧಪೂಜೆಯ ಹಾಗೆ, ಆದರೆ ಇನ್ನೂ ಸ್ವಲ್ಪ ಕರುಣೆ ಜಾಸ್ತಿ. ಅಡುಗೆ ಮಾಡುವವರಿಗೂ ಇಂಥದ್ದೊಂದು ದಿನ ಇಟ್ಟಿದ್ದಾರೋ ಹೇಗೋ.

ಸುಟ್ಟದ್ದು ಬಚ್ಚಲೊಲೆಯ ಬಾಯಲ್ಲಿ. ಹೊರಗೆ ಆ ಮಳೆಯಲ್ಲಿ ಕೆಂಡ ಇನ್ನೆಲ್ಲಿ ಉಳಿಯುತ್ತದೆ? ಕೆಂಡ ಮುಂದಕ್ಕೆ ಎಳೆದು, ಎರಡು ಇಟ್ಟಿಗೆಯ ನಡುವೆ ಕಡ್ಡಿ ಅಡ್ಡ ಇಟ್ಟೆ. ಬೆಲ್ಲ ಇರುವ ಮಸಾಲೆಯನ್ನು ಮೊದಲೇ ಬಳಿದರೆ ಒಳಗೆ ಬಿಸಿಯಾಗುವ ಮೊದಲೇ ಹೊರಗೆ ಕರಿ ಹಿಡಿಯುತ್ತದೆ, ಕೊನೆಗೆ ಬಳಿಯಬೇಕು. ಹೀಗೆ ಮಗುಚುತ್ತ ಕುಳಿತಿದ್ದಾಗ, ಏನು ಕೊಟ್ಟರೂ ಒಳಗೆ ಬಿಟ್ಟುಕೊಳ್ಳದ ತೋಫು, ಇದ್ದದ್ದನ್ನೆಲ್ಲ ಬಿಟ್ಟುಕೊಡುವ ಮಿಡಿ, ಇವೆರಡನ್ನೂ ಇಟ್ಟುಕೊಂಡು ಒಂದು ಒಳ್ಳೇ ಮಾತು ಹೊಳೆಯುವ ಹಾಗಿತ್ತು. ಅಷ್ಟರಲ್ಲಿ ಕಡ್ಡಿಯ ತುದಿಗೆ ಬೆಂಕಿ ಹತ್ತಿತು, ಹುಡುಗ ‘ದೊಡ್ಡಾಯಿ, ಒಂದ್ನಿಮಿಷ ಹಾಂಗೇ ಹಿಡ್ಕ, ಫೋಟೋ’ ಅಂದ. ಮಾತು ಹೋಯಿತು.

ಹುಡುಗ ಚಪ್ಪರಿಸಿಕೊಂಡು ತಿಂದ. ಅತ್ತೆ ಒಂದು ತುಂಡನ್ನು ಉಪ್ಪಿನಕಾಯಿ ರಸಕ್ಕೆ ಅದ್ದಿ ತಿಂದು, ರಸ ಚೊಲೋ ಇದೆ ಅಂದರು. ಮಾವ ಎರಡು ಕಡ್ಡಿ ಖಾಲಿ ಮಾಡಿ, ‘ಊಟಕ್ಕೆ ಎಂತದು?’ ಅಂತ ಕೇಳಿದರು. ಅನ್ನ, ಒಂದೆಲಗದ ತಂಬುಳಿ ಬಡಿಸಿದೆ. ನೆನೆಹಾಕಿದ ಪಾತ್ರೆಯ ತಳದಲ್ಲಿ ಮಸಾಲೆ ಉಳಿದಿತ್ತು, ಚೆಲ್ಲಲು ಮನಸ್ಸಾಗದೆ ಒಂದು ಕುದಿ ಕುದಿಸಿ ಇಟ್ಟಿದ್ದೆ. ಮಾವ ಅದನ್ನು ಎಳೆದುಕೊಂಡು ಬಿಸಿ ಅನ್ನಕ್ಕೆ ಕಲಸಿ, ಮೇಲಿಷ್ಟು ತೆಂಗಿನೆಣ್ಣೆ ಹಾಕಿ, ತಂಬುಳಿಯ ಕಡೆ ನೋಡದೆ ಉಂಡರು. ‘ಇದು ಚೊಲೋ ಇದ್ದು. ನಾಳೆನೂ ಮಾಡು. ಆ ಬಿಳೇದು ಒಂದು ಬ್ಯಾಡ.’